ಸತುವಿನ ಸಂಕೀರ್ಣ ಡಿಎನ್‌ಎ ಕತ್ತರಿಸಿತೇ? ಜೆಲ್ ಚಿತ್ರವನ್ನು ನಂಬುವ ಮೊದಲು

‘ನಮ್ಮ ಸತುವಿನ ಸಂಕೀರ್ಣ ಡಿಎನ್‌ಎ ಕತ್ತರಿಸುತ್ತಿದೆ. ಇದು ಕ್ಯಾನ್ಸರ್‌ಗೆ ಔಷಧಿ ಆಗಬಹುದೇ?’ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನಗಳು ಹತ್ತಿರವಾದಂತೆ ಈ ಪ್ರಶ್ನೆ ನನಗೆ ತಪ್ಪದೆ ಬರುತ್ತದೆ. ಜೊತೆಯಲ್ಲಿ ಮೊಬೈಲಿನಲ್ಲಿ ತೆಗೆದ ಜೆಲ್ ಚಿತ್ರವೊಂದು ಇರುತ್ತದೆ. ಡಿಎನ್‌ಎಯನ್ನು ಮೆತ್ತನೆಯ ಜೆಲ್‌ನೊಳಗೆ ವಿದ್ಯುತ್ತಿನಿಂದ ಓಡಿಸಿ, ಅದು ಎಲ್ಲೆಲ್ಲಿ ನಿಂತಿತು ಎಂದು ತೋರಿಸುವ ಚಿತ್ರ ಅದು. ಅದರಲ್ಲಿ ಮೂರೇ ಲೇನ್ (ಒಂದೊಂದು ಮಾದರಿ ಓಡುವ ಸಾಲು): ಬರೀ ಡಿಎನ್‌ಎ, ಸ್ವಲ್ಪ ಸಂಕೀರ್ಣ ಸೇರಿಸಿದ್ದು, ಹೆಚ್ಚು ಸಂಕೀರ್ಣ ಸೇರಿಸಿದ್ದು. ಅಷ್ಟರಿಂದ ನಾನು ಏನನ್ನೂ ಹೇಳಲಾರೆ. ನೀವೂ ಹೇಳಬಾರದು. ಏಕೆ ಹೇಳಬಾರದು, ಹೇಳಬೇಕಾದರೆ ಏನೇನು ಮಾಡಿರಬೇಕು ಎಂಬುದನ್ನು ಒಂದೇ ಕಡೆ ಬರೆದಿಟ್ಟರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರಿಸುವುದು ತಪ್ಪುತ್ತದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಮಾತು. ಸಂಕೀರ್ಣ ಎಂದರೆ ನಡುವೆ ಒಂದು ಲೋಹದ ಅಯಾನು, ಅದಕ್ಕೆ ಎಲೆಕ್ಟ್ರಾನ್ ಜೋಡಿ ಕೊಟ್ಟು ಸುತ್ತಲೂ ಹಿಡಿದುಕೊಂಡಿರುವ ಅಣುಗಳು. ಹಾಗೆ ಹಿಡಿದುಕೊಂಡ ಅಣುವಿಗೆ ಲಿಗ್ಯಾಂಡ್ ಎನ್ನುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಲೋಹದ ಸಂಕೀರ್ಣ ಎಂದೊಡನೆ ನೆನಪಾಗುವುದು ಪ್ಲಾಟಿನಂ ಇರುವ ಸಿಸ್‌ಪ್ಲಾಟಿನ್. ಪ್ಲಾಟಿನಂ ವಿದ್ಯುದ್ವಾರಗಳ ಸುತ್ತ ಬ್ಯಾಕ್ಟೀರಿಯಾಗಳು ವಿಭಜನೆ ನಿಲ್ಲಿಸಿದ್ದನ್ನು ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ವರದಿ ಮಾಡಿದರು. ಅದರ ಜಾಡಿನಲ್ಲಿ ಸಿಕ್ಕ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಅನೇಕರು ಬರೆಯುವಂತೆ ಸಿಸ್‌ಪ್ಲಾಟಿನ್ ಡಿಎನ್‌ಎಯನ್ನು ಕತ್ತರಿಸುವುದಿಲ್ಲ. ಅದು ಗ್ವಾನಿನ್ ಎಂಬ ಕ್ಷಾರಕ್ಕೆ ಅಂಟಿ ಎಳೆಯನ್ನು ಬಾಗಿಸುತ್ತದೆ. ನಿಜಕ್ಕೂ ಕತ್ತರಿಸುವ ಔಷಧಿ ಬ್ಲಿಯೊಮೈಸಿನ್. ಅದಕ್ಕೆ ಕಬ್ಬಿಣ ಮತ್ತು ಆಮ್ಲಜನಕ ಎರಡೂ ಬೇಕು.

ಸತುವಿನ ದಾರಿ ಬೇರೆ. ಕಬ್ಬಿಣ, ತಾಮ್ರಗಳು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡು ಆಮ್ಲಜನಕದ ಉಗ್ರ ಕಣಗಳನ್ನು, ಅಂದರೆ ರ್‍ಯಾಡಿಕಲ್‌ಗಳನ್ನು, ಹುಟ್ಟಿಸುತ್ತವೆ. ಸತುವಿನ ಅಯಾನಿನ ಹತ್ತೂ ಡಿ-ಎಲೆಕ್ಟ್ರಾನ್‌ಗಳು ತುಂಬಿರುವುದರಿಂದ ಅದು ಆ ವ್ಯವಹಾರಕ್ಕೇ ಹೋಗುವುದಿಲ್ಲ. ಬದಲಿಗೆ ತನಗೆ ಅಂಟಿದ ನೀರಿನ ಅಣುವನ್ನು ಜಗ್ಗಿ, ಅದು ಸುಲಭವಾಗಿ ಪ್ರೋಟಾನ್ ಬಿಟ್ಟು ಹೈಡ್ರಾಕ್ಸೈಡ್ ಆಗುವಂತೆ ಮಾಡುತ್ತದೆ. ನಮ್ಮ ರಕ್ತದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವದಲ್ಲಿ ಸತುವಿಗೆ ಅಂಟಿದ ನೀರು ಪಿಎಚ್ 7ರ ಆಸುಪಾಸಿನಲ್ಲೇ ಪ್ರೋಟಾನ್ ಬಿಟ್ಟುಕೊಡುತ್ತದೆ. ಆ ಹೈಡ್ರಾಕ್ಸೈಡ್ ಡಿಎನ್‌ಎ ಬೆನ್ನೆಲುಬಿನ ರಂಜಕದ ಮೇಲೆ ಬಿದ್ದರೆ ಫಾಸ್ಫೇಟ್ ಕೊಂಡಿ ಕಳಚುತ್ತದೆ. ಇದೇ ಜಲವಿಭಜನೆ. ಕಿಣ್ವ ಅಥವಾ ಲೋಹದ ನೆರವಿಲ್ಲದೆ, ತಟಸ್ಥ ನೀರಿನಲ್ಲಿ, ಕೊಠಡಿಯ ತಾಪದಲ್ಲಿ ಇಂಥ ಕೊಂಡಿಗಳಲ್ಲಿ ಅರ್ಧ ಕಳಚಲು ಕೋಟಿಗಟ್ಟಲೆ ವರ್ಷ ಬೇಕೆಂದು ಅಂದಾಜು. ಅದನ್ನು ಒಂದು ರಾತ್ರಿಗೆ ಇಳಿಸುವ ಸಂಕೀರ್ಣ ಸಿಕ್ಕರೆ ಅದು ರಸಾಯನಶಾಸ್ತ್ರದಲ್ಲಿ ದೊಡ್ಡ ಸಂಗತಿಯೇ. ಔಷಧಿಯ ಮಾತು ಆಮೇಲಿನದು.

ಬೇಕಾಗುವ ಸಾಮಾನು

ಶುದ್ಧವಾದ ಸಂಕೀರ್ಣ, ಅದರದೇ ಲಿಗ್ಯಾಂಡ್, ಸತುವಿನ ಲವಣ. ಪಿಬಿಆರ್322 ಅಥವಾ ಪಿಯುಸಿ19 ಪ್ಲಾಸ್ಮಿಡ್ (ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದಿಂದ ತೆಗೆದ ಉಂಗುರಾಕಾರದ ಪುಟ್ಟ ಡಿಎನ್‌ಎ). ಅಗರೋಸ್ (ಜೆಲ್ ಮಾಡುವ ಪುಡಿ), ಟಿಎಇ ಬಫರ್ (ಬಫರ್ ಎಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಹೆಪೆಸ್ ಅಥವಾ ಟ್ರಿಸ್ ಬಫರ್, ಇಡಿಟಿಎ, ಡಿಎಂಎಸ್‌ಒ (ಸಂಕೀರ್ಣ ಕರಗಿಸುವ ದ್ರಾವಕ), ಎಥಿಡಿಯಂ ಬ್ರೋಮೈಡ್ (ಡಿಎನ್‌ಎ ಹೊಳೆಯುವಂತೆ ಮಾಡುವ ಬಣ್ಣ). ಅಡ್ಡ ಜೆಲ್ ತೊಟ್ಟಿ, ವಿದ್ಯುತ್ ಪೂರೈಕೆ ಪೆಟ್ಟಿಗೆ, 37 ಡಿಗ್ರಿಯ ಇನ್‌ಕ್ಯುಬೇಟರ್, 0.5ರಿಂದ 10 ಮೈಕ್ರೊಲೀಟರ್ ಅಳೆಯುವ ಪಿಪೆಟ್, ಜೆಲ್ ಚಿತ್ರ ತೆಗೆಯುವ ಯಂತ್ರ. ಕೊನೆಯದು ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಪಕ್ಕದ ಜೈವಿಕ ತಂತ್ರಜ್ಞಾನ ಅಥವಾ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಕೇಳಿ. ಆದರೆ ಜೆಲ್ ಓಡಿಸುವ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ, ಓಡಿಸಿದ ಮೇಲೆ ಅಲ್ಲ.

1. ಸಂಕೀರ್ಣವನ್ನು ತಯಾರಿಸಿ, ಅದು ಅದೇ ಎಂದು ತೋರಿಸಿ

ನಮ್ಮ ಭಾಗದ ಪ್ರಯೋಗಾಲಯಗಳಲ್ಲಿ ಹೆಚ್ಚಿನವರು ಹಿಡಿಯುವುದು ಶಿಫ್ ಬೇಸ್ ಲಿಗ್ಯಾಂಡ್‌ಗಳನ್ನು. ಆಲ್ಡಿಹೈಡ್ ಮತ್ತು ಅಮೈನ್ ಸೇರಿ ನೀರು ಬಿಟ್ಟಾಗ ಆಗುವ ಸಂಯುಕ್ತಗಳಿವು. ಉದಾಹರಣೆಗೆ ಸ್ಯಾಲೊಫೆನ್: ಒಂದು ಪಾಲು ಆರ್ಥೊ-ಫಿನಿಲೀನ್‌ಡೈಅಮೈನ್ (10 ಮಿಲಿಮೋಲ್‌ಗೆ 1.08 ಗ್ರಾಂ), ಎರಡು ಪಾಲು ಸ್ಯಾಲಿಸಿಲಾಲ್ಡಿಹೈಡ್ (20 ಮಿಲಿಮೋಲ್‌ಗೆ 2.44 ಗ್ರಾಂ), ಎಥನಾಲ್‌ನಲ್ಲಿ ಎರಡು ಮೂರು ಗಂಟೆ ರಿಫ್ಲಕ್ಸ್ (ಆವಿ ತಣಿದು ಮತ್ತೆ ಒಳಗೇ ಬೀಳುವಂತೆ ಕುದಿಸುವುದು). ತಣಿದಾಗ ಹಳದಿ-ಕಿತ್ತಳೆ ಹರಳು ಬೀಳುತ್ತದೆ. ಡೈಅಮೈನ್ ಬಾಟಲಿ ತೆರೆದಾಗ ಒಳಗೆ ಬಿಳಿಗೆ ಹತ್ತಿರದ ಪುಡಿ ಇರಬೇಕು. ಬೆಲ್ಲದ ಬಣ್ಣಕ್ಕೆ ತಿರುಗಿದ್ದರೆ ಅದು ಗಾಳಿಗೆ ಕೆಟ್ಟಿದೆ. ಕೈಗವಸು ಹಾಕಿಕೊಂಡೇ ತೂಗಿ, ಅದು ವಿಷಕಾರಿ.

ನಂತರ ಒಂದು ಮಿಲಿಮೋಲ್ ಲಿಗ್ಯಾಂಡ್‌ಗೆ (316 ಮಿಲಿಗ್ರಾಂ) ಒಂದು ಮಿಲಿಮೋಲ್ ಸತುವಿನ ಅಸಿಟೇಟ್ ಡೈಹೈಡ್ರೇಟ್ (219.5 ಮಿಲಿಗ್ರಾಂ) ಸೇರಿಸಿ ಮತ್ತೆ ಕುದಿಸಿ, ಸೋಸಿ, ತೊಳೆದು ಒಣಗಿಸಿ. ಸತುವಿನ ಕ್ಲೋರೈಡ್ ಬೇಡ ಎನ್ನುವುದು ನನ್ನ ಸಲಹೆ. ಬೆಳಗಾವಿಯ ಜುಲೈ ಮಳೆಯಲ್ಲಿ ಆ ಬಾಟಲಿಯ ಮುಚ್ಚಳ ತೆಗೆದು ತಕ್ಕಡಿಯವರೆಗೆ ಹೋಗುವಷ್ಟರಲ್ಲಿ ಅದು ಗಾಳಿಯ ತೇವ ಹೀರಿ ಜಿನುಗತೊಡಗುತ್ತದೆ. ನೀವು ತೂಗುವುದರಲ್ಲಿ ಸತು ಎಷ್ಟು, ನೀರು ಎಷ್ಟು ಎಂದು ತಿಳಿಯುವುದಿಲ್ಲ.

ಸತುವಿನಲ್ಲಿ ಒಂದು ಅನುಕೂಲವಿದೆ. ಅದು ಕಾಂತೀಯ ತೊಂದರೆ ಕೊಡುವುದಿಲ್ಲವಾದ್ದರಿಂದ ಪ್ರೋಟಾನ್ ಎನ್‌ಎಂಆರ್ (ಅಣುವಿನ ಹೈಡ್ರೊಜನ್‌ಗಳನ್ನು ಗುರುತಿಸುವ ವರ್ಣಪಟಲ) ನೇರವಾಗಿ ತೆಗೆಯಬಹುದು. ಲಿಗ್ಯಾಂಡ್‌ನಲ್ಲಿ 13 ಪಿಪಿಎಂ ಹತ್ತಿರ ಕಾಣುವ ಫಿನಾಲ್‌ನ ಪ್ರೋಟಾನ್ ಸಂಕೀರ್ಣದಲ್ಲಿ ಮಾಯವಾಗಿರಬೇಕು. ಐಆರ್‌ನಲ್ಲಿ, ಅಂದರೆ ಅವಕೆಂಪು ವರ್ಣಪಟಲದಲ್ಲಿ, 1600ರ ಆಸುಪಾಸಿನ ಇಮೈನ್ (ಇಂಗಾಲ-ಸಾರಜನಕ ಜೋಡಿ ಕೊಂಡಿ) ಗೆರೆ ಸರಿದಿರಬೇಕು. ಮೂಲಧಾತು ವಿಶ್ಲೇಷಣೆ ಬಿಡಬೇಡಿ. ಈ ಬಗೆಯ ಸತುವಿನ ಸಂಕೀರ್ಣ ಐದನೆಯ ಕೈಯಲ್ಲಿ ನೀರನ್ನೋ ಮೆಥನಾಲನ್ನೋ ಹಿಡಿದುಕೊಂಡು ಬರುವುದುಂಟು. ಸತು-ಸ್ಯಾಲೊಫೆನ್‌ನ ಅಣುತೂಕ ಸುಮಾರು 379.7. ಒಂದು ನೀರು ಕೂಡಿದರೆ 397.7. ಇದು ತಿಳಿಯದೆ ದ್ರಾವಣ ಮಾಡಿದರೆ ಮೊದಲ ದಿನವೇ ಶೇಕಡ 5ರಷ್ಟು ತಪ್ಪಿದಿರಿ.

2. ದ್ರಾವಣ: ಕರಗಿತೋ, ತೇಲುತ್ತಿದೆಯೋ?

10 ಮಿಲಿಮೋಲಾರ್ ಮೂಲ ದ್ರಾವಣಕ್ಕೆ ಒಂದು ಮಿಲಿಲೀಟರ್ ಡಿಎಂಎಸ್‌ಒದಲ್ಲಿ 3.8 ಮಿಲಿಗ್ರಾಂ ಸಂಕೀರ್ಣ. ಡಿಎಂಎಸ್‌ಒದಲ್ಲಿ ಎಲ್ಲವೂ ಚೆನ್ನಾಗಿ ಕರಗುತ್ತದೆ. ಮೋಸ ಇರುವುದು ಅದನ್ನು ಬಫರ್‌ಗೆ ಹಾಕಿದಾಗ. ಸ್ಯಾಲೊಫೆನ್‌ನಂಥ ಚಪ್ಪಟೆ, ನೀರಿಗೆ ಒಗ್ಗದ ಸಂಕೀರ್ಣ 100 ಮೈಕ್ರೊಮೋಲಾರ್‌ಗೆ ಬಂದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬೇರ್ಪಡಬಹುದು. ಆ ಕಣಗಳಿಗೆ ಡಿಎನ್‌ಎ ಅಂಟಿ ಗುಳಿಯಲ್ಲೇ (ಜೆಲ್‌ನಲ್ಲಿ ಮಾದರಿ ಹಾಕುವ ಜಾಗ) ಕುಳಿತರೆ, ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ನಿಂತಲ್ಲಿ ಕಾಣುವ ಪಟ್ಟೆ) ಕಾಣೆಯಾಗುತ್ತದೆ. ‘ಪೂರ್ತಿ ಕತ್ತರಿಸಿಹೋಗಿದೆ’ ಎಂದು ನೀವು ಬರೆಯುತ್ತೀರಿ.

ಅದಕ್ಕೇ ಜೆಲ್‌ಗೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಬಳಸುವ ಬಫರ್‌ನಲ್ಲೇ ಸಂಕೀರ್ಣ ಹಾಕಿ ಯುವಿ-ವಿಸಿಬಲ್ ವರ್ಣಪಟಲ ತೆಗೆಯಿರಿ. ಒಂದು, ನಾಲ್ಕು, ಇಪ್ಪತ್ತನಾಲ್ಕು ಗಂಟೆಗಳ ನಂತರ ಮತ್ತೆ ತೆಗೆಯಿರಿ. ತಳದ ಗೆರೆ ಮೇಲೇರುತ್ತಿದ್ದರೆ ಕಣಗಳು ಬೀಳುತ್ತಿವೆ. ಆಕಾರವೇ ಲಿಗ್ಯಾಂಡ್‌ನದರಂತೆ ಆಗುತ್ತಿದ್ದರೆ ಸತು ಕಳಚಿಕೊಳ್ಳುತ್ತಿದೆ. ಸತು ತನ್ನ ಲಿಗ್ಯಾಂಡ್‌ಗಳನ್ನು ಬೇಗ ಬದಲಿಸುವ ಲೋಹ, ಪ್ಲಾಟಿನಂನಂತೆ ಹಟ ಹಿಡಿದು ಕೂರುವುದಿಲ್ಲ. ಶಿಫ್ ಬೇಸ್‌ನ ಇಮೈನ್ ಕೊಂಡಿಯೂ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳಬಲ್ಲದು. ಲಿಗ್ಯಾಂಡ್‌ಗೆ ಅಮೋನಿಯಂ ಅಥವಾ ಸಲ್ಫೊನೇಟ್‌ನಂಥ ಆವೇಶವಿರುವ ಬಾಲ ಜೋಡಿಸಿದರೆ ಕರಗುವಿಕೆ ಸುಧಾರಿಸುತ್ತದೆ. ಮೊದಲೇ ಯೋಚಿಸಿದರೆ ಅರ್ಧ ವರ್ಷ ಉಳಿಯುತ್ತದೆ.

3. ಬಫರ್: ಇಲ್ಲಿಯೇ ಹೆಚ್ಚು ಜನ ಎಡವುವುದು

ಫಾಸ್ಫೇಟ್ ಬಫರ್ ಬೇಡ. ಸತುವಿನ ಫಾಸ್ಫೇಟ್ ಆಗಿ ತಳಕ್ಕೆ ಬೀಳುತ್ತದೆ. ಟ್ರಿಸ್ ನಡೆಯುತ್ತದೆ, ಆದರೆ ಅದರ ಅಮೈನ್ ಸತುವನ್ನು ಸ್ವಲ್ಪ ಹಿಡಿಯುತ್ತದೆ. ಹೆಪೆಸ್ ಆ ಮಟ್ಟಿಗೆ ಮೇಲು. ಪಿಎಚ್ 7.2ರಿಂದ 8ರೊಳಗೆ ಇರಲಿ. ತೀರಾ ಏರಿಸಿದರೆ ಸತುವಿನ ಹೈಡ್ರಾಕ್ಸೈಡ್ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇಡಿಟಿಎ. ಇದು ಲೋಹಗಳನ್ನು ಉಡದಂತೆ ಹಿಡಿಯುವ ಸಂಯುಕ್ತ. ಮಾರಾಟಕ್ಕೆ ಬರುವ ಪ್ಲಾಸ್ಮಿಡ್ ಅನ್ನು ಸಾಮಾನ್ಯವಾಗಿ ಟಿಇ ಬಫರ್‌ನಲ್ಲಿ ಕಳುಹಿಸುತ್ತಾರೆ. ಅದರಲ್ಲಿ 1 ಮಿಲಿಮೋಲಾರ್ ಇಡಿಟಿಎ ಇರುತ್ತದೆ. ಡಿಎನ್‌ಎಯನ್ನು ಕಾಪಾಡಲೆಂದೇ ಹಾಕಿದ್ದು ಅದು. ನೀವು 20 ಮೈಕ್ರೊಲೀಟರ್ ಮಿಶ್ರಣಕ್ಕೆ 2 ಮೈಕ್ರೊಲೀಟರ್ ಪ್ಲಾಸ್ಮಿಡ್ ಹಾಕಿದರೆ ಇಡಿಟಿಎ 100 ಮೈಕ್ರೊಮೋಲಾರ್ ಬಂತು, ಅಂದರೆ ನೀವು ಹಾಕುವ ಸಂಕೀರ್ಣದಷ್ಟೇ. ಸತುವನ್ನು ಅದು ಕಿತ್ತುಕೊಳ್ಳುತ್ತದೆ, ಏನೂ ಕತ್ತರಿಸುವುದಿಲ್ಲ, ಸಂಕೀರ್ಣ ಕೆಲಸಕ್ಕೆ ಬಾರದ್ದೆಂದು ನೀವು ಅದನ್ನು ಬದಿಗಿಡುತ್ತೀರಿ. ನಾನೇ ಒಮ್ಮೆ ಎರಡು ತಿಂಗಳು ಹೀಗೆ ಕಳೆದಿದ್ದೇನೆ. ಪ್ಲಾಸ್ಮಿಡ್ ಅನ್ನು ಎಥನಾಲ್‌ನಿಂದ ಬೀಳಿಸಿ, ಇಡಿಟಿಎ ಇಲ್ಲದ 10 ಮಿಲಿಮೋಲಾರ್ ಟ್ರಿಸ್‌ನಲ್ಲಿ ಮತ್ತೆ ಕರಗಿಸಿಕೊಳ್ಳಿ.

ನೀರಿನ ಬಗ್ಗೆಯೂ ಒಂದು ಮಾತು. ವಿಜಯಪುರ, ಬಾಗಲಕೋಟೆ ಕಡೆಯ ಕೊಳವೆಬಾವಿಯ ಗಡಸು ನೀರನ್ನು ಹಳೆಯ ಲೋಹದ ಬಟ್ಟಿ ಪಾತ್ರೆಯಲ್ಲಿ ಇಳಿಸಿ ‘ಡಿಸ್ಟಿಲ್ಡ್’ ಎಂದು ಕರೆದರೆ ಸಾಲದು. ಪಾತ್ರೆಯಿಂದಲೇ ಕಬ್ಬಿಣ, ತಾಮ್ರದ ಸೋಂಕು ಬರಬಹುದು. ಅಯಾನು ತೆಗೆದ, ಆಟೊಕ್ಲೇವ್ ಮಾಡಿದ ನೀರನ್ನೇ ಬಳಸಿ. ಸಂಕೀರ್ಣ ತೆಗೆಯಲು ತುಕ್ಕು ಹಿಡಿದ ಚಮಚ ಬೇಡ. ಏಕೆಂದು 7ನೇ ಹಂತದಲ್ಲಿ ಹೇಳುತ್ತೇನೆ.

4. ಪ್ಲಾಸ್ಮಿಡ್‌ನ ಮೂರು ರೂಪ

ಎರಡೆಳೆಯ ಹಗ್ಗ ಹೊಸೆದು, ಎರಡೂ ತುದಿಗಳನ್ನು ಕೂಡಿಸಿ ಬಿಗಿದರೆ ಅದು ತನ್ನ ಮೇಲೆ ತಾನೇ ಸುರುಳಿ ಸುತ್ತಿಕೊಂಡು ಮುದ್ದೆಯಾಗುವುದನ್ನು ನೋಡಿದ್ದೀರಲ್ಲ? ಅದು ರೂಪ 1, ಸೂಪರ್‌ಕಾಯಿಲ್. ಎರಡೆಳೆಗಳಲ್ಲಿ ಒಂದನ್ನು ಒಂದು ಕಡೆ ಕುಯ್ದರೆ ಒಳಗಿನ ಹುರಿ ಸಡಿಲಾಗಿ ದೊಡ್ಡ ಉಂಗುರವಾಗಿ ಬಿಚ್ಚಿಕೊಳ್ಳುತ್ತದೆ. ಅದು ರೂಪ 2. ಎರಡೂ ಎಳೆಗಳು ಒಂದೇ ಕಡೆ ಕಡಿದರೆ ಉಂಗುರವೇ ಹರಿದು ನೇರ ದಾರ, ರೂಪ 3. ಮುದ್ದೆಯಾದ ರೂಪ 1 ಜೆಲ್‌ನಲ್ಲಿ ಎಲ್ಲಕ್ಕಿಂತ ಮುಂದೆ ಓಡುತ್ತದೆ, ಅಗಲವಾದ ರೂಪ 2 ಎಲ್ಲಕ್ಕಿಂತ ಹಿಂದೆ ಉಳಿಯುತ್ತದೆ, ರೂಪ 3 ನಡುವೆ.

ಈ ಪರೀಕ್ಷೆ ಎಷ್ಟು ಸೂಕ್ಷ್ಮ ಎಂಬುದನ್ನು ಲೆಕ್ಕದಲ್ಲಿ ನೋಡಿ. ಪಿಬಿಆರ್322ರಲ್ಲಿ 4361 ಕ್ಷಾರ ಜೋಡಿಗಳಿವೆ, ಎರಡೂ ಎಳೆ ಸೇರಿ 8722 ಫಾಸ್ಫೇಟ್ ಕೊಂಡಿಗಳು. ಅವುಗಳಲ್ಲಿ ಒಂದೇ ಒಂದು ಕಳಚಿದರೂ ರೂಪ 1 ರೂಪ 2 ಆಗಿಬಿಡುತ್ತದೆ. ಇನ್ನು ಒಂದು ಲೇನ್‌ಗೆ 200 ನ್ಯಾನೊಗ್ರಾಂ ಪ್ಲಾಸ್ಮಿಡ್ ಹಾಕಿದರೆ 20 ಮೈಕ್ರೊಲೀಟರ್‌ನಲ್ಲಿ ಅದರ ಸಾಂದ್ರತೆ ಸುಮಾರು 3.5 ನ್ಯಾನೊಮೋಲಾರ್. ನಿಮ್ಮ ಸಂಕೀರ್ಣ 100 ಮೈಕ್ರೊಮೋಲಾರ್. ಒಂದೊಂದು ಉಂಗುರಕ್ಕೆ 28 ಸಾವಿರಕ್ಕೂ ಹೆಚ್ಚು ಸಂಕೀರ್ಣದ ಅಣುಗಳು! ಅಷ್ಟೊಂದು ಅಣುಗಳಲ್ಲಿ ಯಾವುದೋ ಒಂದು, ಎಂಟು ಸಾವಿರ ಕೊಂಡಿಗಳಲ್ಲಿ ಒಂದನ್ನು ಮುಟ್ಟಿದರೆ ಸಾಕು, ನಿಮ್ಮ ಜೆಲ್ ‘ಕತ್ತರಿಸಿತು’ ಎನ್ನುತ್ತದೆ. ಇಷ್ಟು ಸೂಕ್ಷ್ಮ ಪರೀಕ್ಷೆಯಲ್ಲಿ ಕೊಳೆಯೂ ಸಂಕೀರ್ಣದಷ್ಟೇ ಚೆನ್ನಾಗಿ ಕಾಣುತ್ತದೆ.

ಕೆಲಸ ಶುರುಮಾಡುವ ಮೊದಲು ಬರೀ ಪ್ಲಾಸ್ಮಿಡ್ ಓಡಿಸಿ ನೋಡಿ. ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ರೂಪ 1 ಇರಲಿ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ಲಾಸ್ಮಿಡ್ ತಾನಾಗಿಯೇ ಕಡಿದುಕೊಳ್ಳುತ್ತದೆ. ವಿದ್ಯುತ್ ಹೋಗಿ ಬಂದು ಮಾಡುವ ಊರಿನಲ್ಲಿ ನಿಮ್ಮ ಫ್ರೀಜರ್ ಈ ಕೆಲಸವನ್ನು ನಿಮಗೆ ಹೇಳದೆಯೇ ಮಾಡುತ್ತಿರುತ್ತದೆ. ಬಂದ ದಿನವೇ ಐದೈದು ಮೈಕ್ರೊಲೀಟರ್ ಭಾಗ ಮಾಡಿ ಇಡಿ, ಒಂದು ಭಾಗವನ್ನು ಒಂದೇ ಸಲ ಕರಗಿಸಿ.

5. ಲೇನ್‌ಗಳನ್ನು ಜೋಡಿಸುವುದು

ಪ್ರತಿ ಲೇನ್‌ನಲ್ಲಿ ಒಟ್ಟು 20 ಮೈಕ್ರೊಲೀಟರ್: 200 ನ್ಯಾನೊಗ್ರಾಂ ಪ್ಲಾಸ್ಮಿಡ್, 50 ಮಿಲಿಮೋಲಾರ್ ಬಫರ್, 50 ಮಿಲಿಮೋಲಾರ್ ಉಪ್ಪು, ಉಳಿದದ್ದು ನೀರು. ಲೇನ್ 1ರ ಹೊರತು ಉಳಿದ ಎಲ್ಲದರಲ್ಲೂ ಡಿಎಂಎಸ್‌ಒ ಪ್ರಮಾಣ ಒಂದೇ ಇರಲಿ. ಈ ಕೆಳಗಿನ ಒಂದನ್ನೂ ಬಿಡಬೇಡಿ:

ಲೇನ್ 1: ಡಿಎನ್‌ಎ ಮಾತ್ರ.
ಲೇನ್ 2: ಡಿಎನ್‌ಎ, ಡಿಎಂಎಸ್‌ಒ.
ಲೇನ್ 3: ಡಿಎನ್‌ಎ, ಸತುವಿನ ಅಸಿಟೇಟ್ (ಸಂಕೀರ್ಣದ ಗರಿಷ್ಠ ಸಾಂದ್ರತೆಯಲ್ಲೇ).
ಲೇನ್ 4: ಡಿಎನ್‌ಎ, ಲಿಗ್ಯಾಂಡ್ (ಅದೇ ಸಾಂದ್ರತೆ).
ಲೇನ್ 5, 6, 7: ಡಿಎನ್‌ಎ, ಸಂಕೀರ್ಣ 25, 50, 100 ಮೈಕ್ರೊಮೋಲಾರ್.
ಲೇನ್ 8: ಲೇನ್ 7ರಂತೆಯೇ, ಜೊತೆಗೆ ಹೆಚ್ಚುವರಿ ಇಡಿಟಿಎ.
ಲೇನ್ 9: ಸಂಕೀರ್ಣ ಮಾತ್ರ, ಡಿಎನ್‌ಎ ಇಲ್ಲ.
ಲೇನ್ 10: ಒಂದೇ ಕಡೆ ಕತ್ತರಿಸುವ ನಿರ್ಬಂಧಕ ಕಿಣ್ವ ಹಾಕಿ ನೇರಗೊಳಿಸಿದ ಪ್ಲಾಸ್ಮಿಡ್. ರೂಪ 3 ಎಲ್ಲಿ ನಿಲ್ಲುತ್ತದೆ ಎಂಬ ಗುರುತಿಗೆ.

ಒಂಬತ್ತನೆಯದನ್ನು ನೋಡಿ ಎಲ್ಲರೂ ನಗುತ್ತಾರೆ. ಡಿಎನ್‌ಎಯೇ ಇಲ್ಲದ ಲೇನ್ ಏಕೆ? ಸತುವಿನ ಸ್ಯಾಲೊಫೆನ್ ಬಗೆಯ ಸಂಕೀರ್ಣಗಳು ಯುವಿ ಬೆಳಕಿನಲ್ಲಿ ತಾವೇ ಹೊಳೆಯುತ್ತವೆ. ಗುಳಿಯಲ್ಲಿ ಕಾಣುವ ಹೊಳಪು ಡಿಎನ್‌ಎಯದೋ ಸಂಕೀರ್ಣದ್ದೋ ಎಂದು ಹೇಳುವ ಸಾಕ್ಷಿ ಆ ಲೇನ್ ಒಂದೇ.

ಟ್ಯೂಬ್‌ಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ 37 ಡಿಗ್ರಿಯಲ್ಲಿಡಿ. ಬಣ್ಣದ ಲಿಗ್ಯಾಂಡ್ ಬೆಳಕು ಹೀರಿ ಆಮ್ಲಜನಕವನ್ನು ಕೆರಳಿಸಿದರೆ ಸತುವಿನ ಕೈವಾಡವಿಲ್ಲದೆಯೇ ಡಿಎನ್‌ಎ ಕಡಿಯಬಹುದು. ಸತುವಿನ ಥಾಲೊಸಯನಿನ್‌ಗಳ ಕೆಲಸವೇ ಅದು, ಬೆಳಕಿನ ಚಿಕಿತ್ಸೆಗೆಂದೇ ಅವುಗಳ ಅಧ್ಯಯನ ನಡೆದಿದೆ. ನಿಮಗೆ ಬೇಕಾದದ್ದು ಅದಲ್ಲವಾದರೆ ಕತ್ತಲೆ ಬೇಕು.

‘ಕೊಠಡಿಯ ತಾಪದಲ್ಲಿ ಇಟ್ಟೆವು’ ಎಂದು ಮಾತ್ರ ಬರೆಯಬೇಡಿ. ಡಿಸೆಂಬರ್‌ನ ಬೆಳಗಾವಿಯ ಕೊಠಡಿಗೂ ಏಪ್ರಿಲ್‌ನ ವಿಜಯಪುರದ ಕೊಠಡಿಗೂ ಇಪ್ಪತ್ತು ಡಿಗ್ರಿಯಷ್ಟು ವ್ಯತ್ಯಾಸ ಬೀಳಬಹುದು.

ಒಂದು, ನಾಲ್ಕು, ಹದಿನಾರು ಗಂಟೆಗಳಲ್ಲಿ ಒಂದೊಂದು ತಂಡ ತೆಗೆಯಿರಿ. ಜಲವಿಭಜನೆ ನಿಧಾನದ ಕೆಲಸ. ಹತ್ತೇ ನಿಮಿಷದಲ್ಲಿ ಎಲ್ಲವೂ ಕತ್ತರಿಸಿಹೋಗಿದ್ದರೆ ಸಂತೋಷಪಡುವ ಮೊದಲು ಅನುಮಾನಪಡಿ.

6. ಜೆಲ್ ಓಡಿಸುವುದು, ಓದುವುದು

50 ಮಿಲಿಲೀಟರ್ ಟಿಎಇಗೆ ಅರ್ಧ ಗ್ರಾಂ ಅಗರೋಸ್, ಅಂದರೆ ಶೇಕಡ 1ರ ಜೆಲ್. ಪೂರ್ತಿ ತಿಳಿಯಾಗುವವರೆಗೆ ಕುದಿಸಿ. ಜೋಳದ ಅಂಬಲಿಯಲ್ಲಿ ಗಂಟು ಉಳಿದಂತೆ ಕಣ ಉಳಿದರೆ ಬ್ಯಾಂಡ್‌ಗಳು ಸೊಟ್ಟಗಾಗುತ್ತವೆ. ಗುಳಿಗಳು ಕಪ್ಪು ತುದಿಯ ಕಡೆ. ಡಿಎನ್‌ಎ ಋಣ ಆವೇಶದ್ದು, ಕೆಂಪಿನ ಕಡೆಗೆ ಓಡುತ್ತದೆ. ಸೆಂಟಿಮೀಟರ್‌ಗೆ 5 ವೋಲ್ಟ್ ಮೀರಬೇಡಿ. ಅವಸರಕ್ಕೆ ವೋಲ್ಟೇಜ್ ಏರಿಸಿದರೆ ಬಫರ್ ಬಿಸಿಯಾಗಿ ಬ್ಯಾಂಡ್ ನಗು ಮುಖದಂತೆ ಬಾಗುತ್ತದೆ. ನಡುವೆ ಕರೆಂಟ್ ಹೋದರೆ ಬ್ಯಾಂಡ್‌ಗಳು ನಿಂತಲ್ಲೇ ಹರಡುತ್ತವೆ, ಆದ್ದರಿಂದ ತೊಟ್ಟಿಯನ್ನು ಯುಪಿಎಸ್‌ಗೆ ಸೇರಿಸಿ.

ಎಥಿಡಿಯಂ ಬ್ರೋಮೈಡ್ ಅನ್ನು ಜೆಲ್‌ಗೆ ಮೊದಲೇ ಬೆರೆಸುವ ರೂಢಿ ಇದೆ. ಈ ಪ್ರಯೋಗಕ್ಕೆ ಅದು ಬೇಡ. ಅದು ಕ್ಷಾರ ಜೋಡಿಗಳ ನಡುವೆ ನುಸುಳಿ ಹುರಿಯನ್ನು ಸಡಿಲಿಸುವುದರಿಂದ ರೂಪಗಳ ಓಟವೇ ಬದಲಾಗುತ್ತದೆ. ಓಡಿಸಿದ ಮೇಲೆ ಮಿಲಿಲೀಟರ್‌ಗೆ 0.5 ಮೈಕ್ರೊಗ್ರಾಂ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿಡಿ. ಎಥಿಡಿಯಂ ವಂಶವಾಹಿಯನ್ನೇ ಕೆಡಿಸಬಲ್ಲ ವಸ್ತು. ನೈಟ್ರೈಲ್ ಕೈಗವಸು ಕಡ್ಡಾಯ. ಆ ಕೈಗವಸಿನಲ್ಲೇ ಮೊಬೈಲ್, ಬಾಗಿಲ ಹಿಡಿಕೆ ಮುಟ್ಟಬೇಡಿ. ತ್ಯಾಜ್ಯವನ್ನು ಬಚ್ಚಲಿಗೆ ಸುರಿಯದೆ ಸಕ್ರಿಯ ಇದ್ದಿಲಿನಲ್ಲಿ ಹೀರಿಸಿ ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ. ಯುವಿ ದೀಪ ನೋಡುವಾಗ ಮುಖಕ್ಕೆ ರಕ್ಷಾಕವಚ ಇರಲಿ.

ಚಿತ್ರ ಬಂದಿತು. ಬ್ಯಾಂಡ್‌ಗಳ ದಟ್ಟತೆಯನ್ನು ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಬಹುದು. ಆದರೆ ಬಿಗಿಯಾಗಿ ಸುತ್ತಿಕೊಂಡ ರೂಪ 1 ಉಳಿದವುಗಳಿಗಿಂತ ಕಡಿಮೆ ಎಥಿಡಿಯಂ ಹೀರುತ್ತದೆ. ಅದನ್ನು ಸರಿದೂಗಿಸಲು ರೂಪ 1ರ ಅಂಕಿಯನ್ನು 1.42ರಿಂದ ಗುಣಿಸುತ್ತಾರೆ, ಕೆಲವರು 1.22ರಿಂದ. ವ್ಯತ್ಯಾಸ ಸಣ್ಣದಲ್ಲ. ರೂಪ 1 ಮತ್ತು ರೂಪ 2 ಎರಡೂ ಯಂತ್ರದಲ್ಲಿ 50 ಎಂದು ಬಂದವು ಎಂದುಕೊಳ್ಳಿ. ತಿದ್ದದೆ ಬರೆದರೆ ಶೇಕಡ 50 ಕತ್ತರಿಸಿದೆ. 1.22 ಹಿಡಿದರೆ 45. 1.42 ಹಿಡಿದರೆ 41. ಯಾವುದನ್ನು ಹಿಡಿದಿರಿ ಎಂದು ಬರೆಯದ ಅಂಕಿಗೆ ಬೆಲೆಯಿಲ್ಲ.

ಬ್ಯಾಂಡ್ ಮಂಕಾದದ್ದೆಲ್ಲ ಕಡಿತವಲ್ಲ ಎಂಬುದೂ ನೆನಪಿರಲಿ. ಸಂಕೀರ್ಣ ಎಥಿಡಿಯಂ ಕೂರುವ ಜಾಗವನ್ನು ತಾನೇ ಹಿಡಿದಿದ್ದರೆ ಹೊಳಪು ಕಡಿಮೆಯಾಗುತ್ತದೆ, ಡಿಎನ್‌ಎ ಇದ್ದಲ್ಲೇ ಇರುತ್ತದೆ. ರೂಪ 1 ಕರಗಿದಷ್ಟೂ ರೂಪ 2 ಅಥವಾ 3 ಬೆಳೆಯಬೇಕು. ಒಟ್ಟು ಕೂಡದಿದ್ದರೆ ಎಲ್ಲೋ ತಪ್ಪಿದೆ. ಇನ್ನೊಂದು ಸೂಚನೆ: ರೂಪ 1 ಇನ್ನೂ ಸಾಕಷ್ಟು ಉಳಿದಿರುವಾಗಲೇ ರೂಪ 3 ಕಾಣಿಸಿಕೊಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅಲ್ಲೊಂದು ಇಲ್ಲೊಂದು ಬೀಳುವ ಒಂದೆಳೆ ಕಡಿತಗಳು ಎದುರುಬದುರಾಗಿ ಕೂಡಿಬರಲು ಹಲವಾರು ಕಡಿತ ಬೇಕು. ಅಷ್ಟರೊಳಗೆ ರೂಪ 1 ಮುಗಿದೇ ಹೋಗಿರುತ್ತದೆ.

ಮೂರು ಬೇರೆ ಬೇರೆ ದಿನ ಮಾಡಿ. ಒಂದೇ ದಿನ ಮೂರು ಲೇನ್ ಹಾಕಿದರೆ ಅದು ಮೂರು ಸಲ ಆಗುವುದಿಲ್ಲ.

7. ಜಲವಿಭಜನೆ ಎಂದು ಹೇಳುವ ಹಕ್ಕು ಯಾವಾಗ ಬರುತ್ತದೆ

‘ಸತು ರ್‍ಯಾಡಿಕಲ್ ಹುಟ್ಟಿಸುವುದಿಲ್ಲ, ಆದ್ದರಿಂದ ಇದು ಜಲವಿಭಜನೆ’ ಎಂದು ವರದಿಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಇದು ಊಹೆಯೇ ಹೊರತು ಪ್ರಯೋಗವಲ್ಲ. ಸತು ಹುಟ್ಟಿಸುವುದಿಲ್ಲ, ಸರಿ. ಸತುವಿನ ಜೊತೆ ಬಂದ ಕೊಳೆ?

1,10-ಫಿನಾಂಥ್ರೊಲಿನ್ ಲಿಗ್ಯಾಂಡ್ ಬಳಸುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಅದೇ ಲಿಗ್ಯಾಂಡ್ ತಾಮ್ರದ ಜೊತೆ ಸೇರಿದರೆ ಡಿಎನ್‌ಎ ಕತ್ತರಿಸುವುದರಲ್ಲಿ ಪಳಗಿದ ಕೈ. 1979ರಲ್ಲೇ ವರದಿಯಾದ ಸಂಗತಿಯಿದು. ನಿಮ್ಮ ನೀರಿನಲ್ಲಿ, ಲವಣದಲ್ಲಿ, ಚಮಚದಲ್ಲಿ ಚೂರು ತಾಮ್ರ ಇದ್ದು, ಮಿಶ್ರಣಕ್ಕೆ ಆಸ್ಕಾರ್ಬಿಕ್ ಆಮ್ಲವನ್ನೋ ಹೈಡ್ರೊಜನ್ ಪೆರಾಕ್ಸೈಡನ್ನೋ ಹಾಕಿದ್ದರೆ, ಕತ್ತರಿಸಿದ್ದು ತಾಮ್ರ, ಹೆಸರು ಬಂದದ್ದು ಸತುವಿಗೆ. ಸತುವಿನ ಸಂಕೀರ್ಣಕ್ಕೆ ಪೆರಾಕ್ಸೈಡ್ ಹಾಕಿ ‘ಉತ್ತಮ ಚಟುವಟಿಕೆ’ ತೋರಿಸುವ ಪ್ರಬಂಧಗಳನ್ನು ನೋಡಿದಾಗ ನನಗೆ ಮೊದಲು ಬರುವ ಪ್ರಶ್ನೆಯೇ ಇದು.

ಪರೀಕ್ಷಿಸುವ ದಾರಿಗಳಿವೆ. ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹಿಡಿಯಲು ಪೊಟ್ಯಾಸಿಯಂ ಅಯೊಡೈಡ್ ಅಥವಾ ಮ್ಯಾನಿಟಾಲ್, ಸಿಂಗ್ಲೆಟ್ ಆಮ್ಲಜನಕಕ್ಕೆ (ಬೆಳಕಿನಿಂದ ಕೆರಳಿದ ಆಮ್ಲಜನಕ) ಸೋಡಿಯಂ ಅಜೈಡ್, ಪೆರಾಕ್ಸೈಡ್‌ಗೆ ಕ್ಯಾಟಲೇಸ್, ಸೂಪರ್‌ಆಕ್ಸೈಡ್‌ಗೆ ಅದರದೇ ಡಿಸ್‌ಮ್ಯೂಟೇಸ್ ಕಿಣ್ವ. ಇವುಗಳನ್ನು ಸೇರಿಸಿದಾಗಲೂ ಕಡಿತ ಅಷ್ಟೇ ಇದ್ದರೆ ಉತ್ಕರ್ಷಣದ, ಅಂದರೆ ಇಂಥ ಉಗ್ರ ಕಣಗಳಿಂದಾಗುವ ಕಡಿತದ, ಅನುಮಾನ ಕಡಿಮೆಯಾಗುತ್ತದೆ. ಹೆಚ್ಚಿನವರು ಡಿಎಂಎಸ್‌ಒವನ್ನೂ ಈ ಪಟ್ಟಿಗೆ ಸೇರಿಸುತ್ತಾರೆ, ಅದು ನಿಜಕ್ಕೂ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹಿಡಿಯುತ್ತದೆ. ಆದರೆ ನಿಮ್ಮ ಸಂಕೀರ್ಣ ಕರಗಿರುವುದೇ ಡಿಎಂಎಸ್‌ಒದಲ್ಲಿ! ಸಂಕೀರ್ಣದ ಎಲ್ಲ ಲೇನ್‌ಗಳಲ್ಲೂ ಆಗಲೇ ಇರುವುದನ್ನು ಒಂದರಲ್ಲಿ ಮತ್ತೆ ಹಾಕಿ ಏನು ತಿಳಿಯುತ್ತೀರಿ?

ಇಡಿಟಿಎ ಹಾಕಿದಾಗ ಕಡಿತ ನಿಂತರೆ ಕತ್ತರಿಸಲು ಲೋಹ ಬೇಕಿತ್ತು ಎಂದಷ್ಟೇ ಅರ್ಥ. ನಿಮ್ಮ ಬೆರಳಿನಿಂದ ಬಂದ ನ್ಯೂಕ್ಲಿಯೇಸ್, ಅಂದರೆ ಡಿಎನ್‌ಎ ಕತ್ತರಿಸುವ ಕಿಣ್ವ, ಅದಕ್ಕೂ ಲೋಹ ಬೇಕಾಗಿರುವುದರಿಂದ ಅದೂ ಇಡಿಟಿಎಗೆ ನಿಲ್ಲುತ್ತದೆ.

ಗಟ್ಟಿಯಾದ ಸಾಕ್ಷಿ ಒಂದೇ: ಕಡಿದದ್ದನ್ನು ಮತ್ತೆ ಬೆಸೆಯುವುದು. ಜಲವಿಭಜನೆಯಲ್ಲಿ ಕೊಂಡಿ ಅಚ್ಚುಕಟ್ಟಾಗಿ ಕಳಚಿ, ಕಿಣ್ವ ಗುರುತಿಸಬಲ್ಲ ತುದಿಗಳನ್ನು ಬಿಡಬಹುದು. ಉತ್ಕರ್ಷಣದಲ್ಲಿ ಸಕ್ಕರೆಯ ಉಂಗುರವೇ ಛಿದ್ರವಾಗುತ್ತದೆ. ರೂಪ 3 ಬಂದಿದ್ದರೆ ಅದನ್ನು ಜೆಲ್‌ನಿಂದ ಕತ್ತರಿಸಿ ತೆಗೆದು ಶುದ್ಧ ಮಾಡಿ, ಟಿ4 ಲಿಗೇಸ್ (ಡಿಎನ್‌ಎ ತುದಿಗಳನ್ನು ಬೆಸೆಯುವ ಕಿಣ್ವ) ಹಾಕಿ ಇಡೀ ರಾತ್ರಿ 16 ಡಿಗ್ರಿಯಲ್ಲಿಟ್ಟು ಮತ್ತೆ ಓಡಿಸಿ. ಬೆಸೆದುಕೊಂಡರೆ ಜಲವಿಭಜನೆಯ ಪರ ಬಲವಾದ ಸಾಕ್ಷಿ ಸಿಕ್ಕಿತು. ಕಿಣ್ವ ಹಾಕಿ ನೇರಗೊಳಿಸಿದ ಪ್ಲಾಸ್ಮಿಡ್ ಅನ್ನೂ ಜೊತೆಯಲ್ಲೇ ಬೆಸೆಯಿರಿ, ಇಲ್ಲದಿದ್ದರೆ ಬೆಸೆಯದೇ ಹೋದಾಗ ತಪ್ಪು ಯಾರದ್ದೆಂದು ತಿಳಿಯುವುದಿಲ್ಲ.

8. ಕ್ಯಾನ್ಸರ್ ಎಂಬ ಪದ ಬರೆಯುವ ಮೊದಲು

ಇಲ್ಲೊಂದು ವಿಪರ್ಯಾಸವಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಚ್ಚುಕಟ್ಟಾಗಿ ಕಳಚಿದ, ಲಿಗೇಸ್ ಬೆಸೆಯಬಲ್ಲ ಒಂದೆಳೆ ಕಡಿತವನ್ನು ಜೀವಕೋಶದೊಳಗಿನ ಲಿಗೇಸ್ ಕೂಡ ಬೆಸೆದುಬಿಡುತ್ತದೆ. ಅಂದರೆ ಯಾವ ಗುಣವನ್ನು ಸಾಬೀತುಪಡಿಸಲು ನೀವು ಮೇಲಿನ ಕಷ್ಟವೆಲ್ಲ ಪಟ್ಟಿರೋ ಅದೇ ಗುಣ ಕೋಶಕ್ಕೆ ದುರಸ್ತಿಯನ್ನು ಸುಲಭ ಮಾಡುತ್ತದೆ. ಕೋಶವನ್ನು ಕೊಲ್ಲುವುದು ಮುಖ್ಯವಾಗಿ ಎರಡೆಳೆ ಕಡಿತ. ಇನ್ನು ಕೋಶದೊಳಗಿನ ಡಿಎನ್‌ಎ ನಿಮ್ಮ ಟ್ಯೂಬಿನಲ್ಲಿರುವಂತೆ ಬೆತ್ತಲೆ ಇರುವುದಿಲ್ಲ, ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಂಡು ಕೋಶಕೇಂದ್ರದ ಗೋಡೆಯೊಳಗೆ ಕುಳಿತಿರುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ರಕ್ತದ ಆಲ್ಬುಮಿನ್ ಪ್ರೋಟೀನ್ ಸತುವನ್ನು ಕಸಿದುಕೊಳ್ಳಲು ಕಾದಿರುತ್ತದೆ, ರಕ್ತದಲ್ಲಿ ಸತುವನ್ನು ಹೊತ್ತು ತಿರುಗುವ ಮುಖ್ಯ ಪ್ರೋಟೀನೇ ಅದು. ಮತ್ತೆ, ಆರೋಗ್ಯವಂತ ಕೋಶದಲ್ಲಿ ಇರುವುದೂ ಅದೇ ಡಿಎನ್‌ಎ.

ಆದ್ದರಿಂದ ಕೋಶಗಳ ಮೇಲೆ ಪರೀಕ್ಷೆ ಬೇಕು. ಸಾಮಾನ್ಯವಾಗಿ ಮಾಡುವುದು ಎಂಟಿಟಿ ಪರೀಕ್ಷೆ: ಬದುಕಿರುವ ಕೋಶ ಹಳದಿ ಬಣ್ಣದ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುತ್ತದೆ, ಆ ನೇರಳೆಯನ್ನು 570 ನ್ಯಾನೊಮೀಟರ್ ಹತ್ತಿರ ಅಳೆಯುತ್ತಾರೆ. ನೇರಳೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ ಐಸಿ50. ಕೋಶಗಳ ತಳಿಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳಬಹುದು. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಎಂಸಿಎಫ್-7 (ಸ್ತನ), ಎ549 (ಶ್ವಾಸಕೋಶ), ಹೀಲಾ (ಗರ್ಭಕಂಠ) ಹೆಚ್ಚು ಬಳಕೆಯವು. ಇವುಗಳ ಜೊತೆ ಕ್ಯಾನ್ಸರ್ ಅಲ್ಲದ ಒಂದು ತಳಿ ಕಡ್ಡಾಯ. ಎರಡರ ಐಸಿ50 ಒಂದೇ ಆಗಿದ್ದರೆ ನೀವು ಮಾಡಿದ್ದು ವಿಷ.

ಇಲ್ಲಿಯೂ ಲಿಗ್ಯಾಂಡ್ ಮತ್ತು ಸತುವಿನ ಲವಣವನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ. ಫಿನಾಂಥ್ರೊಲಿನ್‌ನಂಥದ್ದು ಒಂಟಿಯಾಗಿಯೇ ಕೋಶದ ಲೋಹಗಳನ್ನು ಕಿತ್ತು ಕೊಲ್ಲಬಲ್ಲದು. ಹೋಲಿಕೆಗೆ ಸಿಸ್‌ಪ್ಲಾಟಿನ್ ಹಾಕುವವರಿಗೊಂದು ಎಚ್ಚರಿಕೆ: ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಬೇಡಿ. ಡಿಎಂಎಸ್‌ಒ ಪ್ಲಾಟಿನಂಗೆ ಅಂಟಿಕೊಂಡು ಔಷಧಿಯ ಬಲವನ್ನೇ ಕುಗ್ಗಿಸುತ್ತದೆ. ಉಪ್ಪು ನೀರಿನಲ್ಲಿ, ಅಂದರೆ ಶೇಕಡ 0.9ರ ಸಲೈನ್‌ನಲ್ಲಿ ಕರಗಿಸಿ. ‘ನಮ್ಮ ಸಂಕೀರ್ಣ ಸಿಸ್‌ಪ್ಲಾಟಿನ್‌ಗಿಂತ ಮೇಲು’ ಎಂಬ ಘೋಷಣೆಗಳ ಹಿಂದೆ ಕೆಲವೊಮ್ಮೆ ಇರುವುದು ಕೆಟ್ಟುಹೋದ ಸಿಸ್‌ಪ್ಲಾಟಿನ್.

ಇದಾದ ಮೇಲೆ ಪ್ರಾಣಿಗಳ ಮೇಲಿನ ಪ್ರಯೋಗ, ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ, ಮನುಷ್ಯರ ಮೇಲೆ ಹಂತ ಹಂತದ ಪರೀಕ್ಷೆ. ಎಂ.ಎಸ್ಸಿ. ಪ್ರಾಜೆಕ್ಟ್ ಮುಟ್ಟುವ ದೂರವಲ್ಲ. ಒಂದು ಮಾತು ಮಾತ್ರ: ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರು ಇಂಥ ಸುದ್ದಿ ಓದಿ ‘ಹಾಗಾದರೆ ಸತುವಿನ ಮಾತ್ರೆ ಕೊಡಬಹುದೇ?’ ಎಂದು ಕೇಳಿದ್ದಾರೆ. ಮಕ್ಕಳ ಭೇದಿಗೆ ಕೊಡುವ ಸತುವಿನ ಮಾತ್ರೆಗೂ ಇಲ್ಲಿ ಹೇಳಿದ ಸಂಕೀರ್ಣಕ್ಕೂ ಸಂಬಂಧವಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ಯಾವ ಮಾತ್ರೆಯನ್ನಾದರೂ ಸೇರಿಸುವ ಮೊದಲು ಕ್ಯಾನ್ಸರ್ ವೈದ್ಯರನ್ನೇ ಕೇಳಿ.

9. ವರದಿಯಲ್ಲಿ ಏನು ಬರೆಯಬೇಕು

ಜೆಲ್‌ನ ಪೂರ್ತಿ ಚಿತ್ರವನ್ನು, ಗುಳಿಗಳು ಕಾಣುವಂತೆ, ಕತ್ತರಿಸದೆ, ಹೊಳಪು ತಿದ್ದದೆ ಅನುಬಂಧದಲ್ಲಿ ಹಾಕಿ. ಬಫರ್, ಪಿಎಚ್, ತಾಪ, ಸಮಯ, ಡಿಎಂಎಸ್‌ಒ ಪ್ರಮಾಣ, ತಿದ್ದುಪಡಿಯ ಅಂಕಿ ಎಲ್ಲವೂ ಚಿತ್ರದ ಕೆಳಗೇ ಇರಲಿ. ಎಂಟನೆಯ ಹಂತಕ್ಕೆ ಹೋಗದಿದ್ದರೆ ಶೀರ್ಷಿಕೆಯಲ್ಲಿ ಕ್ಯಾನ್ಸರ್ ಪದ ಬೇಡ. ಮೌಖಿಕ ಪರೀಕ್ಷೆಯಲ್ಲಿ ನಾನು ಕುಳಿತಿದ್ದರೆ ಮೊದಲು ಕೇಳುವುದು ಲೇನ್ 3 ಮತ್ತು 4ರ ಬಗ್ಗೆ. ಅದಕ್ಕೆ ಉತ್ತರ ಇರುವವರ ತೀರ್ಮಾನದ ವಾಕ್ಯ ಹೀಗಿರಬಹುದು: ‘ಪಿಎಚ್ 7.4ರ ಹೆಪೆಸ್ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಕತ್ತಲೆಯಲ್ಲಿ, 16 ಗಂಟೆಯಲ್ಲಿ 100 ಮೈಕ್ರೊಮೋಲಾರ್ ಸಂಕೀರ್ಣ ಪಿಬಿಆರ್322ರ ರೂಪ 1ರಲ್ಲಿ ಇಷ್ಟು ಪಾಲನ್ನು ರೂಪ 2ಕ್ಕೆ ಬದಲಿಸಿತು. ಅದೇ ಸಾಂದ್ರತೆಯ ಲಿಗ್ಯಾಂಡ್ ಮತ್ತು ಸತುವಿನ ಅಸಿಟೇಟ್ ಬದಲಿಸಲಿಲ್ಲ.’